ಮುಖಪುಟಕ್ಕೆ ದೀಪ ಹಚ್ಚಿದ ದಿಲೀಪ

ಇದ್ದದ್ದನ್ನು ಇದ್ದ ಹಾಗೆ ಬಿಡುವುದು ಆಳಂದದ ದಿಲೀಪನ ಜಾಯಮಾನದಲ್ಲೇ ಇರಲಿಲ್ಲ. ಬಸ್ ನಿಲ್ದಾಣದ ಎದುರಿಗೆ ಅವನದೊಂದು ಫ್ಲೆಕ್ಸ್ ಅಂಗಡಿ. ಯಾರಾದರೂ ಬಂದು "ಹುಟ್ಟುಹಬ್ಬದ ಶುಭಾಶಯ ಅಂತ ಬರೀರಿ, ಸಾಕು" ಎಂದರೆ ಆ "ಸಾಕು" ಅನ್ನುವ ಮಾತು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಹಿಂದೊಂದು ಉದಯಿಸುವ ಸೂರ್ಯ, ಮುಂದೆರಡು ಹುಲಿ, ಮೇಲಿನಿಂದ ಹೂಮಳೆ, ಹುಟ್ಟುಹಬ್ಬದವನು ಇವೆಲ್ಲದರ ನಡುವೆ ಎಲ್ಲೋ ಒಂದು ಕಡೆ. "ಹುಲಿ ಯಾಕ್ರಿ, ಕೂಸಿಗಿ ಈಗ ಒಂದ್ ವರ್ಷ" ಎಂದು ತಂದೆ ಅಂಜುತ್ತ ಕೇಳಿದರೆ "ಗೆಟಪ್ ಬರ್ತದರಿ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಇಂಥ ಮನುಷ್ಯನ ಕಣ್ಣು ಒಂದು ಮಧ್ಯಾಹ್ನ ಹೆಂಡತಿಯ ಮೊಬೈಲಿನ ಮೇಲೆ ಬಿತ್ತು. ಅಲ್ಲಿಗೆ ಕೆಟ್ಟಿತು.

ಪಂಚಶೀಲಾ ದಿನಾ ಊಟವಾದ ಮೇಲೆ ಮೊಬೈಲಿನಲ್ಲಿ ಚೌಕಾಬಾರಾ ಆಡುತ್ತಿದ್ದಳು. ಆಡುವ ಜಾಗದ ಹೆಸರು "ಚೌಕಾಬಾರಾ ಬಳಗ". ಲಾಕ್‌ಡೌನಿನಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಅಫಜಲಪುರದಲ್ಲಿ ಮಾಸ್ತರಾಗಿರುವ ಅವಳ ತಮ್ಮ ಶಾಂತಕುಮಾರ ಮನೆಮಂದಿ ಆಡಲಿ ಎಂದು ಕಟ್ಟಿದ ವೆಬ್‌ಸೈಟು ಅದು. ಮನೆಮಂದಿಯಿಂದ ಬೀಗರಿಗೆ, ಬೀಗರಿಂದ ನೆರೆಯವರಿಗೆ ಹಬ್ಬಿ ಈಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಜನ ಅಲ್ಲಿ ಕೂತು ಕವಡೆ ಎಸೆಯುತ್ತಿದ್ದರು. ಮಾಸ್ತರಿಗೆ ಶಾಲೆ ಶುರುವಾಗಿ ಪುರಸೊತ್ತಿಲ್ಲದಂತಾದ ಮೇಲೆ ಅದರ ಯಜಮಾನಿಕೆ ಪಂಚಶೀಲಾಳ ಪಾಲಿಗೆ ಬಂದಿತ್ತು.

ಅದರ ಮುಖಪುಟವೆಂದರೆ ಸುಣ್ಣ ಹೊಡೆದು ಬಿಟ್ಟ ಗೋಡೆ. ಮೇಲೆ "ಯಾರ್ಯಾರ ಬಂದೀರಿ?" ಎಂಬ ಸಾಲು. ಕೆಳಗೆ ಆ ಹೊತ್ತಿಗೆ ಬಂದವರ ಹೆಸರು. ಅದರ ಕೆಳಗೆ "ಆಡ್ರಿ" ಎಂಬ ಗುಂಡಿ. ಪಂಚಶೀಲಾಳಿಗೆ ಅಷ್ಟು ಸಾಕಿತ್ತು, ಏಕೆಂದರೆ ಆ ಹೆಸರುಗಳ ನಡುವೆ ದಿನಾ ಮಧ್ಯಾಹ್ನ "ರಮಾಬಾಯಿ, ಕೊಳಕೂರ" ಎಂಬ ಹೆಸರು ಇರುತ್ತಿತ್ತು. ರಮಾಬಾಯಿ ಅವಳ ಚಿಗವ್ವ. ತಾಯಿ ತೀರಿಕೊಂಡ ಮೇಲೆ ಪಂಚಶೀಲಾಳನ್ನು ಎತ್ತಿ ಬೆಳೆಸಿದವಳು. ಫೋನು ಮಾಡಿದರೆ "ಆರಾಮ?" "ಆರಾಮ" ಎಂಬಲ್ಲಿಗೆ ಮಾತು ಮುಗಿದುಹೋಗುತ್ತಿತ್ತು. ಆಟಕ್ಕೆ ಕೂತರೆ ಮಾತ್ರ ಚಿಗವ್ವನ ಬಾಯಿ ಬಿಚ್ಚುತ್ತಿತ್ತು. "ಉಂಡಿ ಏನ್ ಬೇ?" ಎಂದು ಬರೆದು ಒಂದು ಕಾಯಿ ಕಡಿಯುವಳು, "ಸೊಂಟ ಹ್ಯಾಂಗದ?" ಎಂದು ಬರೆದು ಇನ್ನೊಂದು ಕಡಿಯುವಳು. ದಿನಾ ಸೋತು ಏಳುವಾಗಲೂ ಪಂಚಶೀಲಾಳ ಮುಖದಲ್ಲಿ ತವರಿಗೆ ಹೋಗಿ ಬಂದ ಕಳೆ ಇರುತ್ತಿತ್ತು.

ದಿಲೀಪನಿಗೆ ಆ ಕಳೆ ಕಾಣಲಿಲ್ಲ. ಸುಣ್ಣದ ಗೋಡೆ ಕಂಡಿತು.

"ಇದೇನಿದು, ಒಂದ್ ಫೋಟೊ ಇಲ್ಲ, ಒಂದ್ ಹೂ ಇಲ್ಲ. ಮುಖಪುಟ ಅಂದ್ರ ಮಾರಿ ಇದ್ದಂಗ. ಮಾರಿಗಿ ಪೌಡರರ ಬ್ಯಾಡೇನು?"

"ಬ್ಯಾಡ್ರಿ. ಮಂದಿ ಆಡಾಕ ಬರ್ತಾರ, ಕನ್ಯಾ ನೋಡಾಕ ಬರಾಂಗಿಲ್ಲ."

"ಫ್ಲೆಕ್ಸ್ ಅಂಗಡಿಯವನ ಹೆಂಡತಿ ಇಂಥಾ ಬೋಳು ಪೇಜ್ ಇಟ್ಟಾಳ ಅಂದ್ರ ನನ್ನ ಇಜ್ಜತ್ ಏನ್ ಉಳೀತು?"

"ನಿಮ್ಮ ಇಜ್ಜತ್ ಅಂಗಡ್ಯಾಗ ಇಡ್ರಿ. ಇದನ್ನ ಮುಟ್ಟಬ್ಯಾಡ್ರಿ."

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎನ್ನುತ್ತಾರೆ. ದಿಲೀಪನಿಗೆ ಕೈತುಂಬ ಕೆಲಸವಿತ್ತು, ಆದರೂ ಕೆತ್ತಿದ. ಒಂದು ವಾರ ಅವಳ ಹಿಂದೆ ಹಿಂದೆ ತಿರುಗಿ, ಚಹಾ ತಾನೇ ಮಾಡಿ ಕೊಟ್ಟು (ಅದಕ್ಕೂ ಏಲಕ್ಕಿ, ಶುಂಠಿ, ಕೇಸರಿ ಹಾಕಿ ಸುಧಾರಿಸಿ), ಕಡೆಗೂ ಪಾಸ್‌ವರ್ಡು ಗಿಟ್ಟಿಸಿದ. "ಜರಾ ಬಣ್ಣ ಅಷ್ಟೇ ನೋಡ್ರಿ" ಎಂದು ಪಂಚಶೀಲಾ ನೂರು ಸಲ ಹೇಳಿದಳು. ದಿಲೀಪ ನೂರು ಸಲ ತಲೆ ಆಡಿಸಿದ.

ಆಮೇಲೆ ಆದದ್ದು ಬಣ್ಣವಲ್ಲ, ದಿಗ್ವಿಜಯ. "ಯಾರ್ಯಾರ ಬಂದೀರಿ?" ಹೋಗಿ "ಸಮಸ್ತ ಕ್ರೀಡಾಭಿಮಾನಿ ಬಾಂಧವರಿಗೆ ಹಾರ್ದಿಕ ಸುಸ್ವಾಗತ" ಬಂತು. ಅದರ ಸುತ್ತ ಮಹಾದ್ವಾರ ಎದ್ದಿತು. ದ್ವಾರದ ಕೆಳಗೆ "ಶುಭ ಕೋರುವವರು" ಎಂದು ಸಾಲಾಗಿ ಗುಂಡು ಗುಂಡು ಫೋಟೊಗಳು. ಫೋಟೊ ಕಂಡಿದ್ದೇ ತಡ, ಅದುವರೆಗೆ ತಮ್ಮ ಪಾಡಿಗೆ ಆಡಿಕೊಂಡಿದ್ದ ಜನಕ್ಕೆ ಹೊಸ ರೋಗ ಹತ್ತಿತು. ನನ್ನದು ಯಾಕೆ ಸಣ್ಣದು, ಅವನದು ಯಾಕೆ ಮೇಲೆ, ನನ್ನ ಅರ್ಧ ಕಿವಿ ಎಲ್ಲಿ ಹೋಯಿತು ಎಂದು ದಿನಾ ತಗಾದೆ. ದಿಲೀಪ ಒಬ್ಬೊಬ್ಬರನ್ನೂ ಸಮಾಧಾನ ಮಾಡಿ ಒಂದೊಂದು ಗುಂಡು ಹೆಚ್ಚಿಸಿದ. ಪುಟ ತೆರೆಯುವಷ್ಟರಲ್ಲಿ ಅನ್ನ ಬೇಯುತ್ತಿತ್ತು. "ಆಡ್ರಿ" ಗುಂಡಿ ಎಲ್ಲೋ ಪಾತಾಳಕ್ಕೆ ಇಳಿಯಿತು. ಖಜೂರಿಯ ಲಾರಿ ಡ್ರೈವರ್ ಮುರ್ತುಜಾ, "ಬೆರಳಿಲೆ ತಳ್ಳಿ ತಳ್ಳಿ ಕೈ ಸೋತ್ವು, ಲಾರಿ ತಳ್ಳೂದೇ ಸಸಾರ" ಎಂದು ಬರೆದ.

ಇಷ್ಟಾದರೂ ದಿಲೀಪನಿಗೆ ತೃಪ್ತಿಯಿಲ್ಲ. ಇಷ್ಟು ಜನರ ನೆತ್ತಿಯ ಮೇಲೆ ಬಳಗದ ಅತಿ ದೊಡ್ಡ ಆಟಗಾರ್ತಿಯ ಫೋಟೊ ಬೇಡವೆ? ರಮಾಬಾಯಿಯನ್ನು ಗೆದ್ದವರು ಬಳಗದಲ್ಲಿ ಇರಲಿಲ್ಲ. ಹೆಂಡತಿಗೂ ಖುಷಿಯಾಗುತ್ತದೆ, ಅತ್ತೆಗೂ ಗೌರವ ಸಲ್ಲುತ್ತದೆ. (ಅವನ ಮನಸ್ಸು ಒಳ್ಳೆಯದೇ ಇತ್ತು, ಅದನ್ನು ಒಪ್ಪಬೇಕು. ಒಳ್ಳೆಯ ಮನಸ್ಸಿನಿಂದ ಆಗುವಷ್ಟು ಹಾನಿ ಕೆಟ್ಟ ಮನಸ್ಸಿನಿಂದ ಆಗುವುದಿಲ್ಲ.)

ಸಿಕ್ಕಿದ್ದು ಯಾವುದೋ ಮದುವೆಯ ಪಂಕ್ತಿಯಲ್ಲಿ ತೆಗೆದ ಒಂದೇ ಒಂದು ಫೋಟೊ. ಅಕ್ಕಪಕ್ಕದವರನ್ನು, ಎಲೆಯ ಮೇಲಿನ ಹುಗ್ಗಿಯನ್ನು ಕತ್ತರಿಸಿ ಮುಖವನ್ನಷ್ಟೇ ಉಳಿಸಿಕೊಂಡ. ಬೆಳಕು ಸಾಲದೆ ಬಣ್ಣ ಹಸಿರುಹಸಿರಾಗಿ ಬಂದಿತ್ತು, ಆದ್ದರಿಂದ ಕಪ್ಪುಬಿಳುಪು ಮಾಡಿದ. ಎರಡು ಬದಿಗೆ ಜಾಗ ಬರಿದಾಗಿ ಕಂಡಿತು. ಆನೆ ಇಟ್ಟರೆ ಅತ್ತೆ ಸಣ್ಣವಳಾದಳು, ನವಿಲು ಇಟ್ಟರೆ ಅತ್ತೆ ಕಾಣಲೇ ಇಲ್ಲ. ಕಡೆಗೆ ಅತ್ತೊಂದು ಇತ್ತೊಂದು ಉರಿಯುವ ದೀಪ ಇಟ್ಟ. ದೀಪ ಎಂದರೆ ಬೆಳಕು, ಬೆಳಕು ಎಂದರೆ ಜ್ಞಾನ, ಚೌಕಾಬಾರಾ ಜ್ಞಾನದ ಆಟ. ಕೆಳಗೊಂದು ಸಾಲು ಬೇಕಲ್ಲ? ವರ್ಷಗಟ್ಟಲೆ ಬರೆದು ಪಳಗಿದ ಕೈ ತಾನಾಗಿಯೇ ಬರೆಯಿತು: "ನಿಮ್ಮ ಆಟ ಸದಾ ನಮ್ಮ ನೆನಪಿನಲ್ಲಿ."

ದಿಲೀಪ ದೂರ ನಿಂತು ನೋಡಿ ಭೇಷ್ ಎಂದುಕೊಂಡ. ನಮ್ಮ ಕಡೆ ಕಪ್ಪುಬಿಳುಪು ಫೋಟೊಗೆ ಎರಡು ದೀಪ ಯಾವಾಗ ಹಚ್ಚುತ್ತಾರೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಅಂಥ ಬ್ಯಾನರುಗಳನ್ನು ಕಟ್ಟುಗಟ್ಟಲೆ ಮಾಡಿ ಕೊಟ್ಟವನಿಗೆ ಮಾತ್ರ ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಮೊದಲು ಅಫಜಲಪುರದಿಂದ ಶಾಂತಕುಮಾರನ ಫೋನು ಬಂತು. "ಅಕ್ಕಾ, ಚಿಗವ್ವ ಹ್ಯಾಂಗ ಹೋದಳ? ನನಗ ಒಂದ್ ಮಾತ ಹೇಳಬಾರದಾ?" ಎಂದು ಅವನು ಗೋಳಾಡಿದ. ಪಂಚಶೀಲಾ ಕೈಯಲ್ಲಿದ್ದ ರೊಟ್ಟಿ ಹಿಟ್ಟನ್ನು ಹಾಗೇ ಬಿಟ್ಟು ಕೊಳಕೂರಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಎತ್ತಿದ್ದು ರಮಾಬಾಯಿಯೇ.

"ಅಳಬ್ಯಾಡ ಬೇ. ನಾ ಸತ್ತ ಸುದ್ದಿ ನನಗೂ ಈಗ ಬಂತು."

"ಚಿಗವ್ವಾ, ಅವರಿಗಿ ಗೊತ್ತಾಗಿಲ್ಲ, ಚೆಂದ ಕಾಣ್ಲಿ ಅಂತ..."

"ಫೋಟೊಕ್ಕ ನನಗ ಸಿಟ್ಟಿಲ್ಲ. ಕೆಳಗ ಮಂದಿ ಏನ್ ಬರದಾರ ಓದು."

ಪಂಚಶೀಲಾ ಓದಿದಳು. ಸಾಲುಸಾಲಾಗಿ ಮುಗಿದ ಕೈಗಳ ಚಿತ್ರ. ಒಬ್ಬರೂ ಎರಡು ಮಾತು ಬರೆದಿರಲಿಲ್ಲ. ಮುರ್ತುಜಾ ಒಬ್ಬ ಬರೆದಿದ್ದ: "ಒಳ್ಳೇ ಆಟಗಾರ್ತಿ ಇದ್ದರು. ಈಗ ಪಾಳಿ ಯಾರದು?" ಅರ್ಧಕ್ಕೆ ನಿಂತಿದ್ದ ಆಟದಲ್ಲಿ ರಮಾಬಾಯಿಯ ಪಾಳಿಯನ್ನು ದಾಟಿಸಿ ಉಳಿದವರು ಆಟ ಮುಗಿಸಿದ್ದರು.

"ಇಷ್ಟ್ ದಿವಸ ಇವರ ಜೋಡಿ ಕುಂತಿದ್ದೆ. ಒಂದ್ ಗಳಿಗಿ ಆಟ ನಿಲ್ಲಿಸಾಕ ಆಗಲಿಲ್ಲ. ನನ್ನ ಕಾಯಿ ಹಣ್ಣಾಗಾಕ ಬಂದಿತ್ತು ಬೇ" ಎಂದಳು ರಮಾಬಾಯಿ. ಧ್ವನಿ ಒಡೆದಿತ್ತು. "ಇನ್ನ ಸಾಕು. ನಾ ಬರಾಂಗಿಲ್ಲ."

ಪಂಚಶೀಲಾ ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ದಿಲೀಪ ಬದುಕಿಕೊಳ್ಳುತ್ತಿದ್ದ. ಊಟವಾದ ಮೇಲೆ ಮೊಬೈಲು ಮುಟ್ಟದೆ ಗೋಡೆಗೆ ಒರಗಿ ಕೂತಳು. ಮರುದಿನವೂ ಕೂತಳು. ಏಲಕ್ಕಿ ಚಹಾ ಆರಿ ಕೆನೆ ಕಟ್ಟಿತು. ಅವಳ ಮುಖದಲ್ಲಿ ದಿನಾ ಮಧ್ಯಾಹ್ನ ಮೂಡುತ್ತಿದ್ದ ಆ ಕಳೆ ಏನೆಂದು ದಿಲೀಪನಿಗೆ ಅದು ಹೋದ ಮೇಲೆ ತಿಳಿಯಿತು. ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುವಷ್ಟು ಸಂಕಟವಾಯಿತು. ಅಂಗಡಿಗೆ ಬಾಗಿಲು ಹಾಕಿ, ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಜೇವರ್ಗಿಯಲ್ಲಿ ಇನ್ನೊಮ್ಮೆ ಬದಲಿಸಿ ಕೊಳಕೂರಿಗೆ ಹೋದ.

ರಮಾಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು.

"ಬರ್ರಿ ಅಳಿಯಾರ. ನನ್ನ ದಿವಸದ ಊಟಕ್ಕ ಬಂದ್ರೇನು?"

ದಿಲೀಪ ಕಾಲು ಮುಟ್ಟಿದ. "ತಪ್ಪಾತ್ರಿ ಅತ್ತಿ. ನನಗ ಏನ್ ಬೇಕಾದ್ದು ಅನ್ರಿ. ಪಂಚಶೀಲಾನ ಜೋಡಿ ಆಟ ಬಿಡಬ್ಯಾಡ್ರಿ. ಆಕಿ ಮಾತೇ ಬಿಟ್ಟಾಳ."

ರಮಾಬಾಯಿ ಮೊರ ಕೆಳಗಿಟ್ಟಳು. ಮಗಳ ಸುದ್ದಿ ಕೇಳಿ ಮುಖ ಮೆತ್ತಗಾಯಿತು. ಆದರೆ ಅಳಿಯನನ್ನು ನೋಡಿದೊಡನೆ ಮತ್ತೆ ಬಿಗಿಯಾಯಿತು.

"ಬರ್ತೇನಿ. ಒಂದ್ ಕರಾರು. ನನ್ನ ಜಾಗಾದಾಗ ನಿಮ್ಮ ಫೋಟೊ ಹಾಕ್ರಿ. ದೀಪ ಹಂಗೇ ಇರ್ಲಿ. ಒಂದ್ ದಿವಸ ನೋಡ್ರಿ, ಮಂದಿ ಏನ್ ಬರೀತಾರ. ಆಮ್ಯಾಲೆ ಎಲ್ಲಾ ಅಳಿಸಿ ಮೊದಲಿನಂಗ ಮಾಡ್ರಿ."

ಇಷ್ಟೇನಾ ಎನ್ನಿಸಿತು ದಿಲೀಪನಿಗೆ. ಊರವರ ಫೋಟೊ ಎಲ್ಲಾ ಹಾಕಿದವನಿಗೆ ತನ್ನದೊಂದು ಹಾಕಿಕೊಳ್ಳುವ ಆಸೆ ಒಳಗೊಳಗೇ ಇತ್ತು, ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನಿದ್ದ. ಆಳಂದಕ್ಕೆ ಬಂದವನೇ ಕರಿ ಕನ್ನಡಕ ಹಾಕಿಕೊಂಡ ಒಳ್ಳೆಯ ಫೋಟೊ ಆರಿಸಿ, ಕಪ್ಪುಬಿಳುಪು ಮಾಡಿ, ಎರಡು ದೀಪಗಳ ನಡುವೆ ತನ್ನನ್ನು ತಾನೇ ಪ್ರತಿಷ್ಠಾಪಿಸಿಕೊಂಡ. ಮೂರು ತಾಲ್ಲೂಕು ತನಗಾಗಿ ಮರುಗುವುದನ್ನು ನೋಡಲು ಮೊಬೈಲು ಹಿಡಿದು ಕೂತ.

ಮುಗಿದ ಕೈಗಳು ಬಂದವು, ಅತ್ತೆಗೆ ಬಂದದ್ದಕ್ಕಿಂತ ಕಡಿಮೆ. ಮುರ್ತುಜಾ ಬರೆದ: "ಇನ್ನ ಮ್ಯಾಲರ ಪೇಜ್ ಜಲ್ದಿ ತೆರೀತದೇನು?" ಅದಕ್ಕೆ ಹೆಬ್ಬೆರಳು ಎತ್ತಿದವರು ಕೈಮುಗಿದವರಿಗಿಂತ ಹೆಚ್ಚು. ಒಳಗೆ ಪಂಚಶೀಲಾ ಕಿಸಕ್ಕನೆ ನಕ್ಕಳು. ರಮಾಬಾಯಿ ಮಾತಿನಂತೆ ಆಟಕ್ಕೆ ಬಂದಿದ್ದಳು. ಹೆಂಡತಿ ನಕ್ಕ ಸದ್ದಿಗೆ ದಿಲೀಪನ ಎದೆ ಹಗುರವಾಯಿತು. ತನ್ನ ಸಾವು ಇಷ್ಟಕ್ಕಾದರೂ ಉಪಯೋಗಕ್ಕೆ ಬಂತಲ್ಲ ಎಂದುಕೊಂಡ. ಆದರೂ ಕೂತಲ್ಲೇ ಸ್ವಲ್ಪ ಸೊರಗಿದ.

ಅಷ್ಟರಲ್ಲಿ ಫೋನು ಬಡಿಯಿತು. ಹೊಸ ನಂಬರು.

"ಹಲೋ, ದಿಲೀಪ ಅವರ ಮನಿ ಏನ್ರಿ? ನಾ ಮಾದನಹಿಪ್ಪರಗಾದಿಂದ ರಸೂಲ ಮಾತಾಡಾಕತ್ತೇನಿ. ಈಗ ಮೊಬೈಲ್‌ದಾಗ ನೋಡ್ದೆ. ಭಾಳ ಕೆಟ್ಟ ಅನಿಸ್ತು."

ಆ ದಿನ ದಿಲೀಪನಿಗಾಗಿ ಕೆಟ್ಟ ಅನಿಸಿದ ಮೊದಲ ಮನುಷ್ಯ. ನಾನು ಬದುಕಿದ್ದೇನೆ ಎಂದುಬಿಟ್ಟರೆ ಮುಂದಿನ ಮಾತು ಕೇಳಲು ಸಿಗುವುದಿಲ್ಲ. ದಿಲೀಪ ದನಿ ಬದಲಿಸಿ "ಹ್ಞೂಂರಿ" ಎಂದ.

"ನೀವು ಅವರಿಗಿ ಏನ್ ಆಗಬೇಕ್ರಿ?"

"ತಮ್ಮರಿ" ಎಂದ ದಿಲೀಪ.

"ಭಾಳ ಒಳ್ಳೇ ಮನಷ್ಯಾರಿದ್ರು."

"ಹೌದ್ರಿ" ಎಂದ. ಕಣ್ಣು ತೇವವಾದವು.

"ಅಂಗಡಿ ಇನ್ನ ನೀವೇ ನೋಡ್ತೀರೇನು?"

"ಹೌದ್ರಿ."

"ಹಂಗಾದ್ರ ನಂದೊಂದು ಟೇಲರ್ ಅಂಗಡಿ ಬ್ಯಾನರ್ ಅದ. ಹೆಸರು, ನಂಬರ, ಒಂದ್ ಕತ್ರಿ, ಇಷ್ಟೇ ಸಾಕಂತ ಹೇಳಿದ್ದೆ. ಅವರು ನನ್ನ ಕುದುರಿ ಮ್ಯಾಲ ಕುಂದ್ರಿಸಿ ಕಳಿಸಿದ್ರು. ಹೋದವರಿಗಿ ಏನ್ ಅನ್ನೂದ್ ಬಿಡ್ರಿ. ನೀವರ ಹೇಳಿದಷ್ಟೇ ಮಾಡ್ರಿ ತಮ್ಮಾ, ಅಣ್ಣನಂಗ ಚೆಂದ ಮಾಡಾಕ ಹೋಗಬ್ಯಾಡ್ರಿ."

ದಿಲೀಪ ಕಣ್ಣು ಒರೆಸಿಕೊಂಡ.

"ಇಲ್ರಿ" ಎಂದ ಕಡೆಗೆ, "ಹೋಗಾಂಗಿಲ್ರಿ."