ಅತ್ತೆಯ ಹಾಡಿಗೆ ನಾನು ಹಾಕಿದ ರಿವರ್ಬ್

ಶಬ್ದಲೋಕದ ಬ್ರಹ್ಮ ನಾನೇ ಎಂದು ಅವತ್ತು ತೀರ್ಮಾನಿಸಿಬಿಟ್ಟಿದ್ದೆ! ಖಾಲಿ ಕಲ್ಯಾಣಮಂಟಪದಲ್ಲಿ ಕೆಮ್ಮಿದರೆ ಆ ಕೆಮ್ಮು ಸ್ವಲ್ಪ ಹೊತ್ತು ಅಲ್ಲೇ ಸುತ್ತಾಡುತ್ತದಲ್ಲ, ಅದನ್ನು ಕಂಪ್ಯೂಟರಿನಲ್ಲಿ ಹುಟ್ಟಿಸುವ ವಿದ್ಯೆಗೆ ರಿವರ್ಬ್ ಎಂದು ಹೆಸರು. ಅಂಥದ್ದೊಂದು ಸಾಫ್ಟ್‌ವೇರನ್ನು ನಾನೇ ಬರೆದಿದ್ದೆ. ಮೊದಲ ಪ್ರಯೋಗಕ್ಕೆ ಸಿಕ್ಕಿದ್ದು ತೀರಿಹೋದ ಅತ್ತೆ ಗಂಗುಲಮ್ಮನವರ ಹಾಡು.

ಜಂಗಮಕೋಟೆಯ ಹುಳುಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಾ ಅವರು ಹಾಡಿಕೊಂಡದ್ದನ್ನು ನನ್ನ ಹೆಂಡತಿ ಕಲ್ಯಾಣಿ ಫೋನಿನಲ್ಲಿ ಹಿಡಿದಿದ್ದಳು. ಎರಡೇ ನಿಮಿಷ. ಅವರ ದನಿ ಅಂತ ಉಳಿದಿದ್ದು ಅಷ್ಟೇ. ವರ್ಷದ ತಿಥಿಗೆ ಬರುವ ನೆಂಟರಿಗೆ, ಅತ್ತೆ ಅದೇ ಹುಳುಮನೆಯಲ್ಲಿ ನಿಂತು ಹಾಡಿದಂತೆ ಕೇಳಿಸುತ್ತೇನೆಂದು ಘೋಷಿಸಿದೆ.

"ಇರೋ ಹಾಡು ಚೆನ್ನಾಗೇ ಇದೆ. ಮುಟ್ಟಬೇಡಿ ಕಣ್ರೀ," ಅಂದಳು ಕಲ್ಯಾಣಿ.

ಪಾಮರರು ಹಾಗೇ ಅನ್ನುತ್ತಾರೆ!

ಒಂದು ಮನೆಯ ಮಾರ್ದನಿಯನ್ನು ಹಿಡಿಯಬೇಕಾದರೆ ಅದರೊಳಗೆ ಬಲೂನು ಒಡೆದು ಆ ಸದ್ದನ್ನು ರೆಕಾರ್ಡ್ ಮಾಡಬೇಕು. ಅತ್ತೆ ಹೋದಮೇಲೆ ಹುಳು ಸಾಕುವುದು ನಿಂತು, ಹುಳುಮನೆಯಲ್ಲಿ ಹುಳು ಸಾಕುವ ಒಂದು ತಟ್ಟೆಯೂ ಇರಲಿಲ್ಲ. ಖಾಲಿ ಮನೆ ಚೆನ್ನಾಗಿ ಗುಂಯ್‌ಗುಡುತ್ತದೆ, ನನಗೋ ಹಬ್ಬ! ಢಂ ಅನ್ನಿಸಿದೆ. ಪಕ್ಕದ ಬಯ್ಯಪ್ಪ ಎದ್ದುಬಿದ್ದು ಓಡಿಬಂದ. ಅವನ ಹುಳುಗಳು ನಾಲ್ಕನೇ ಜ್ವರದಲ್ಲಿದ್ದವಂತೆ, ಅಂದರೆ ಪೊರೆ ಬಿಡಲು ಅಲ್ಲಾಡದೆ ಮಲಗಿದ್ದವು. ಆಗ ಅಲ್ಲಿಯವರು ಸೀನುವುದಕ್ಕೂ ಹಿಂದೆಮುಂದೆ ನೋಡುತ್ತಾರೆ. ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದ ಅವನ ಬೈಗುಳವೂ ರೆಕಾರ್ಡ್ ಆಯಿತು. ಮನೆಗೆ ಬಂದು ಹಾಡಿಗೆ ರಿವರ್ಬ್ ಹಾಕಿದರೆ, ಅತ್ತೆಯ ಪ್ರತಿ ಸಾಲಿನ ಹಿಂದೆಯೂ ಬಯ್ಯಪ್ಪ!

ಅವನನ್ನು ಕತ್ತರಿಸಿದೆ. ಹಾಡಿನುದ್ದಕ್ಕೂ ಸೋನೆ ಹಿಡಿದಂತೆ ಏನೋ ಸರಸರ ಅನ್ನುತ್ತಿತ್ತು, ಅದನ್ನೂ ಕಸವೆಂದು ಗುಡಿಸಿದೆ. ನನ್ನ ಕಂಪ್ಯೂಟರಿನಲ್ಲೂ ಕಲ್ಯಾಣಿಯ ಫೋನಿನಲ್ಲೂ ಇದ್ದ ಹಳೆಯ ಹಾಡನ್ನು ಅಳಿಸಿ, ಆ ಜಾಗದಲ್ಲಿ ನನ್ನ ಮಹಾಕೃತಿಯನ್ನು ಪ್ರತಿಷ್ಠಾಪಿಸಿದೆ. ಕಲಾವಿದನಿಗೆ ಕರಡು ಯಾಕೆ!

ತಿಥಿಯ ಊಟ ಮುಗಿದಮೇಲೆ ಸ್ಪೀಕರ್ ಹಚ್ಚಿದೆ. ಅತ್ತೆಯ ದನಿ ಹಜಾರದ ತುಂಬ ಗುಂಯ್‌ಗುಟ್ಟಿತು. ನೆಂಟರು ಭೇಷ್ ಅಂದರು. ಬಾಮೈದ ಮೋಹನ್‌ಬಾಬು ಕಣ್ಣೊರೆಸಿಕೊಂಡ. ನಾನು ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದೆ.

"ಹುಳ ಸೊಪ್ಪು ತಿನ್ನೋ ಸದ್ದೆಲ್ರೀ?"

ಅದು ಕಸ ಅಂದುಕೊಂಡು ತೆಗೆದೆ ಅಂದೆ.

"ಹಳೇದು ಇದೆ ತಾನೆ?"

ಅಳಿಸಿಬಿಟ್ಟೆ ಅಂದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಅಮ್ಮ ಇದ್ದಾಗ ಆ ಮನೆ ತುಂಬ ಹುಳ, ಸೊಪ್ಪು ಇರ್ತಿತ್ತು. ಒಂದಿನಾನೂ ಹಿಂಗೆ ಗುಂಯ್ ಅಂದಿಲ್ಲ," ಅಂದಳು. "ನೀವು ಕೇಳಿಸಿದ್ದು ಅಮ್ಮ ಹೋದಮೇಲಿನ ಮನೆ ಕಣ್ರೀ."