ಮುಕ್ಕಾಲು ಈರಣ್ಣ ಆಳದ ನೀರು

ನೀರು ಅಳೆಯುವವನಿಗೆ ಈಜು ಬರಲೇಬೇಕು ಎಂದು ಯಾವ ಸರ್ಕಾರಿ ನಿಯಮದಲ್ಲೂ ಬರೆದಿಲ್ಲ. ಬರೆದಿದ್ದರೆ ನನಗೆ ನೌಕರಿಯೇ ಸಿಗುತ್ತಿರಲಿಲ್ಲ. ಟಿ.ಬಿ. ಡ್ಯಾಮಿನ ಹತ್ತಿರ ಒಂದು ಕಾಲುವೆ ಆಫೀಸಿನಲ್ಲಿ ನಾನು ಗುಮಾಸ್ತ. ಬೆಳಿಗ್ಗೆ ಹೋದ ಕೂಡಲೇ ಕಾಲುವೆ ಗೋಡೆಯ ಮೇಲೆ ಬರೆದಿರುವ ಅಳತೆಪಟ್ಟಿ ನೋಡಿ, ನೀರು ಎಷ್ಟು ಅಡಿ ನಿಂತಿದೆ ಎಂದು ಮೇಲಿನವರಿಗೆ ಫೋನಿನಲ್ಲಿ ಹೇಳಬೇಕು. ಹೇಳುವಾಗ ದನಿಯಲ್ಲಿ ಒಂದು ಗತ್ತು ತಾನಾಗಿ ಬರುತ್ತದೆ. ನೋಡುವಾಗ ಮಾತ್ರ ಕಟ್ಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿರುತ್ತೇನೆ. ನನ್ನ ಹೆಂಡತಿ ಸರೋಜ ಬಂದ ನೆಂಟರಿಗೆಲ್ಲ, "ನಮ್ಮನಿಯವ್ರದು ನೀರಿನ ಆಫೀಸು. ಆದ್ರ ಜಳಕದ ಬಕೀಟು ತುಂಬಿದ್ರ ಅಂಜ್ತಾರ" ಎಂದೇ ನನ್ನನ್ನು ಪರಿಚಯ ಮಾಡಿಸುತ್ತಾಳೆ. ನಾನು ಪ್ರತಿಭಟಿಸುವುದಿಲ್ಲ, ಚಹಾ ಕುಡಿಯುತ್ತೇನೆ.

ಆದರೆ ಅಡಿ, ಅಂಗುಲಗಳನ್ನು ಬಿಟ್ಟು ನೀರನ್ನು ಅಳೆಯುವ ಇನ್ನೊಂದು ಮಾಪನ ನನಗೆ ಗೊತ್ತಿತ್ತು. ಅದರ ಹೆಸರು ಈರಣ್ಣ. ಚಿತ್ತವಾಡ್ಗಿಯಲ್ಲಿ ನಮ್ಮ ಎದುರು ಮನೆಯವನು, ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಫಿಟ್ಟರ್ ಕೆಲಸ. ನಮ್ಮ ಮನೆಗೆ ಬಂದಾಗಲೆಲ್ಲ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡೇ ಒಳಗೆ ಬರುವಷ್ಟು ಎತ್ತರ. ನಾನು ಅವನ ಎದೆಗೆ ಬರುತ್ತಿದ್ದೆ. ನನ್ನ ಸ್ಕೂಟರಿನ ಹಿಂದೆ ಅವನು ಕೂತರೆ, ಗಾಡಿ ಓಡಿಸುತ್ತಿರುವವನು ಅವನೇ ಎಂದು, ಮುಂದೆ ಯಾರದೋ ಮಗುವನ್ನು ಕೂರಿಸಿಕೊಂಡಿದ್ದಾನೆ ಎಂದು ದಾರಿಯವರಿಗೆ ಅನ್ನಿಸುತ್ತಿತ್ತು. ಭಾನುವಾರ ರಜೆ ಸಿಕ್ಕಿತೆಂದರೆ ನಾವಿಬ್ಬರೂ ಹೀಗೆ ಸಂಡೂರಿನ ಗುಡ್ಡದ ಕಡೆ ಹೋಗುತ್ತಿದ್ದೆವು. ಅಲ್ಲಿ ಒಂದು ಹಳ್ಳ ಎರಡು ದೊಡ್ಡ ಬಂಡೆಗಳ ನಡುವೆ ತಿರುವು ತೆಗೆದುಕೊಂಡು ಮಡುವಾಗಿ ನಿಲ್ಲುತ್ತದೆ. ಊರವರು ಅದನ್ನು ಎಮ್ಮಿಮಡು ಎನ್ನುತ್ತಾರೆ. ಈರಣ್ಣ ಅಲ್ಲಿ ಈಜುತ್ತಿದ್ದ. ನಾನು ಬಂಡೆಯ ಮೇಲೆ ಕೂತು ಅವನ ಬಟ್ಟೆ, ಚಪ್ಪಲಿ ಮತ್ತು ಮಿರ್ಚಿಯ ಪೊಟ್ಟಣ ಕಾಯುತ್ತಿದ್ದೆ.

ಅವನು ನಡುನೀರಿಗೆ ಹೋಗಿ ನೆಟ್ಟಗೆ ನಿಂತು, "ಏ ಗುಮಾಸ್ತ, ಬರಕೋ!" ಎಂದು ಕೂಗುತ್ತಿದ್ದ. ಬೇಸಿಗೆಯಲ್ಲಿ ನೀರು ಅವನ ಸೊಂಟಕ್ಕೆ ಬಂದರೆ ಅರ್ಧ ಈರಣ್ಣ. ಮಳೆ ಹಿಡಿದ ಮೇಲೆ ಅವನು ಪೂರ್ತಿ ಮುಳುಗಿ, ಎತ್ತಿದ ಕೈಯ ಬೆರಳಷ್ಟೇ ಕಂಡರೆ ಒಂದೂಕಾಲು ಈರಣ್ಣ. ಆ ಬೆರಳು ಕಾಣುತ್ತಿರುವ ತನಕ ನನ್ನ ಉಸಿರು ಮೇಲೇ ನಿಂತಿರುತ್ತಿತ್ತು. ಬಂಡೆಯಿಂದ ಹಾರುವ ಮೊದಲು ಪ್ರತಿ ಸಲವೂ ಅವನು ದೇವರನ್ನು ಕೂಗಿ ಹಾರುತ್ತಿದ್ದ. ಅವನು ಕೂಗಿದ ಕೂಡಲೇ ನಾನೂ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದೆ. ಅವನೇನಾದರೂ ಮೇಲೆ ಬರದಿದ್ದರೆ ಈಜು ಬಾರದ ನಾನು ಮಾಡುವುದೇನೂ ಇರಲಿಲ್ಲ, ಊರಿಗೆ ಹೋಗಿ ಅವನ ಹೆಂಡತಿಗೆ ಉತ್ತರ ಹೇಳುವುದೊಂದನ್ನು ಬಿಟ್ಟು.

ಆ ಹೆಂಡತಿ ಹಂಪಮ್ಮನಿಗೆ ಈ ಮಡುವಿನ ಸಂಗತಿ ಗೊತ್ತೇ ಇರಲಿಲ್ಲ. ಮದುವೆಯ ಹೊತ್ತಿನಲ್ಲಿ ಜಾತಕ ನೋಡಿದ ಯಾರೋ ಹುಡುಗನಿಗೆ ಜಲಗಂಡ ಇದೆ, ನೀರಿನಿಂದ ಜೀವಕ್ಕೆ ಅಪಾಯ ಎಂದುಬಿಟ್ಟಿದ್ದರು. ಗಂಡನಿಗೆ ಗಂಡ ಇದೆ ಎಂದು ಕೇಳಿದ ಹೊಸ ಮದುಮಗಳು ಎದೆಯೊಡೆದುಕೊಂಡು, ಹೊಳೆ, ಬಾವಿ, ಕಾಲುವೆಗೆ ಇಳಿಯುವುದಿಲ್ಲ ಎಂದು ಅವನಿಂದ ತಾಳಿ ಮುಟ್ಟಿಸಿ ಮಾತು ತೆಗೆದುಕೊಂಡಳು. ಈರಣ್ಣ ಕಂಪ್ಲಿಯವನು, ನಡೆಯುವುದು ಮತ್ತು ಈಜುವುದು ಎರಡನ್ನೂ ಹೊಳೆದಂಡೆಯಲ್ಲೇ ಕಲಿತವನು. ಮಾತೇನೋ ಕೊಟ್ಟ. ಹೊಳೆಯಲ್ಲ, ಬಾವಿಯಲ್ಲ, ಕಾಲುವೆಯಲ್ಲ, ಮಡುವಿನ ಹೆಸರು ಆಣೆಯಲ್ಲಿ ಬಂದಿಲ್ಲ ಎಂದು ತನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮನೆಯಲ್ಲಿ ಮಾತ್ರ ಭಾನುವಾರ ಯೂನಿಯನ್ ಮೀಟಿಂಗ್ ಎಂದು ಹೇಳಿ ಹೊರಡುತ್ತಿದ್ದ, ನಾನೂ ಸರೋಜಳಿಗೆ ಅದನ್ನೇ ಹೇಳುತ್ತಿದ್ದೆ. ಕಾರ್ಖಾನೆಯ ಯೂನಿಯನ್ನಿನಲ್ಲಿ ಕಾಲುವೆ ಆಫೀಸಿನ ಗುಮಾಸ್ತನಿಗೆ ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದರೆ ನಂಬಿದ್ದಾರೆ ಎಂದು ನಾವಿಬ್ಬರು ಗಂಡಸರು ತಿಳಿದುಕೊಂಡಿದ್ದೆವು.

ಈರಣ್ಣ ನೀರಿನಲ್ಲಿ ಹೋಗಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಶಿಫ್ಟ್ ಮುಗಿಸಿ ಬಂದು, ಚಹಾ ಕುಡಿದು, ಸ್ವಲ್ಪ ಹೊತ್ತು ಅಡ್ಡಾಗುತ್ತೇನೆ ಎಂದು ಮಂಚದ ಮೇಲೆ ಮಲಗಿದವನು ಏಳಲಿಲ್ಲ. ಎದೆ ನಿಂತಿತು ಎಂದರು ಡಾಕ್ಟರು. ಅಷ್ಟು ವರ್ಷ ನೀರಿನ ಕಡೆಗೇ ಕಣ್ಣಿಟ್ಟು ಕಾವಲು ಕಾದ ಹೆಣ್ಣುಮಗಳು ಮಂಚದ ಮೇಲೆ ಅನುಮಾನ ಪಟ್ಟಿರಲಿಲ್ಲ. ನನಗೆ ಆ ದಿನ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ತಿಳಿದಿಲ್ಲ.

ಇತ್ತೀಚೆಗೆ ಒಂದು ಸಂಜೆ ಹಂಪಮ್ಮ ನಮ್ಮ ಮನೆಗೆ ಬಂದಳು. ಕೈಯಲ್ಲಿ ಈರಣ್ಣನ ಹಳೆಯ ಟವೆಲ್ಲು. ಬಿಳಿಯದು, ಈಗ ಇಟ್ಟಿಗೆಯ ಬಣ್ಣ. ಅದನ್ನು ನನ್ನ ಮುಂದೆ ಹರವಿ ಕೇಳಿದಳು: "ಅಣ್ಣಾರ, ಕಾರ್ಖಾನಿ ಧೂಳು ಕರ್ರಗ ಇರ್ತೈತಿ. ನಾನ ಒಗದೀನಿ, ನನಗ ಗೊತ್ತು. ಇದು ಸಂಡೂರಿನ ಗುಡ್ಡದ ಕೆಂಪು ಮಣ್ಣು. ಎಷ್ಟು ತಿಕ್ಕಿದ್ರೂ ಹೋಗಿಲ್ಲ. ಐತವಾರ ಐತವಾರ ನೀವಿಬ್ರೂ ಸಂಡೂರಾಗ ಯಾರ ಮನಿಗೆ ಹೋಗ್ತಿದ್ರಿ?"

'ಇಬ್ರೂ' ಎಂಬ ಮಾತಿಗೆ ಒಳಗೆ ಒಗ್ಗರಣೆ ಹಾಕುತ್ತಿದ್ದ ಸರೋಜಳ ಸೌಟು ನಿಂತಿತು. ಅವಳು ಸೌಟಿನೊಂದಿಗೇ ಹೊರಗೆ ಬಂದು ನಿಂತಳು.

ನಾನು ಮಡುವಿನ ಕಥೆಯನ್ನೆಲ್ಲ ಹೇಳಿದೆ. ಹಂಪಮ್ಮ ನಂಬಲಿಲ್ಲ. "ಸುಳ್ಳು ಹೇಳಬ್ಯಾಡ್ರಿ. ಬಸ್ಸು ಕಾಲುವಿ ದಾಟೋ ಮುಂದ ಅವರು ಕಣ್ಣ ಮುಚ್ಚತಿದ್ರು. ನೀರು ಅಂದ್ರ ಅಷ್ಟು ಅಂಜಿಕಿ ಅವರಿಗೆ." ಈರಣ್ಣ ಅಷ್ಟು ದೊಡ್ಡ ನಟನೆಂದು ನನಗೆ ಅವತ್ತೇ ಗೊತ್ತಾದದ್ದು. ಆಮೇಲೆ ಅವಳು ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು: "ಇನ್ನೊಂದು ಸಂಸಾರ ಇದ್ರ ಇತ್ತು ಅಂತ ಹೇಳ್ರಿ. ಬಯ್ಯಂಗಿಲ್ಲ. ಗೊತ್ತಾದ್ರ ರಾತ್ರಿ ನಿದ್ದಿ ಆದ್ರೂ ಬರ್ತೈತಿ." ಸರೋಜ ಸೌಟು ಕೆಳಗಿಟ್ಟು, "ಬರೋ ಐತವಾರ ಮೂರೂ ಮಂದಿ ಹೋಗೂಣು. ಇವರು ಅದೇನು ತೋರಸ್ತಾರೋ ತೋರಸ್ಲಿ" ಎಂದು ತೀರ್ಪು ಕೊಟ್ಟಳು. ಹಂಪಮ್ಮನ ಅನುಮಾನದ ಜೊತೆ ನನ್ನ ವಿಚಾರಣೆಯೂ ಅದೇ ದಿನಕ್ಕೆ ನಿಗದಿಯಾಯಿತು.

ಬಸ್ಸಿನಲ್ಲಿ ಸಂಡೂರಿಗೆ ಹೋಗಿ, ಆಟೋ ಹಿಡಿದು, ಆಮೇಲೆ ಕಾಲುದಾರಿಯಲ್ಲಿ ನಡೆದೆವು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಮಡುವನ್ನು ತೋರಿಸಬಹುದು. ಆದರೆ ನೀರಿನ ಮೇಲೆ ಇಂಥವನು ಈಜಿದ್ದ ಎಂದು ಗುರುತು ಉಳಿದಿರುತ್ತದೆಯೇ? ಹಾಗೇ ಆಯಿತು. ಹಂಪಮ್ಮ ಬಂಡೆಯ ಮೇಲೆ ನಿಂತು ನೀರು ನೋಡಿ, "ಇದಾ?" ಎಂದಳು ಅಷ್ಟೇ. ಅವಳ ಮುಖದ ಮೇಲೆ ಅನುಮಾನ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ.

ಆಚೆ ದಂಡೆಯಲ್ಲಿ ಒಬ್ಬ ಮುದುಕಿ ಎಮ್ಮೆಗಳನ್ನು ನೀರಿಗೆ ಬಿಟ್ಟು ಕೂತಿದ್ದಳು. ನನ್ನನ್ನು ದಾಟಿಕೊಂಡು ಹಂಪಮ್ಮ ನೇರವಾಗಿ ಅವಳನ್ನೇ ಕೇಳಿದಳು: "ಯಮ್ಮಾ, ಇಲ್ಲಿ ಒಬ್ರು ಉದ್ದನ್ನವ್ರು ಈಸಾಕ ಬರ್ತಿದ್ರೇನು?"

"ಆ ಉದ್ದನ್ನ ಮನಷ್ಯಾನಾ? ಬರ್ತಿದ್ದನಲ್ಲವಾ! ಈ ಗಿಡ್ಡ ಅಣ್ಣ ಬಟ್ಟಿ ಕಾಯ್ಕೋತ ಕುಂದ್ರತಿದ್ದ" ಎಂದು ಮುದುಕಿ ನನ್ನ ಕಡೆ ಬೆರಳು ಮಾಡಿದಳು. ನನ್ನ ಜೀವನದಲ್ಲಿ ಗಿಡ್ಡ ಎನಿಸಿಕೊಂಡು ಸಂತೋಷಪಟ್ಟ ಗಳಿಗೆ ಅದೊಂದೇ. ಅವಳು ಮುಂದುವರಿಸಿದಳು: "ನಮ್ಮ ಎಮ್ಮಿ ಮೈನೂ ತಿಕ್ಕತಿದ್ದ. ಭಾಳ ದೈವಭಕ್ತ ನೋಡವಾ. ಹಾರೋ ಮುಂದ ಆ ಬಂಡಿ ಮ್ಯಾಲ ನಿಂತು, 'ಹಂಪೀ, ಇದೊಂದ ಸಲ!' ಅಂತ ಕೂಗಿ ಹಾರ್ತಿದ್ದ. ಹಂಪಿ ವಿರುಪಾಕ್ಷಗ ನಡಕೊಳ್ಳೋ ಮನಿತನ ಇರಬೇಕು ಅಂತ ನಾನು ಕೇಳಾಕ ಹೋಗಲಿಲ್ಲ."

ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಆ ಕೂಗನ್ನು ಎಷ್ಟು ಸಲ ಕೇಳಿದ್ದೇನೆ! ನಮ್ಮ ಕಡೆ ಹಂಪಿ ಎಂದು ಕೂಗಿದರೆ ಅದು ದೇವರಿಗಲ್ಲದೆ ಇನ್ಯಾರಿಗೆ? ಆದರೆ ತಿರುಗಿ ನೋಡಿದಾಗ ಹಂಪಮ್ಮ ಬಂಡೆಯ ಮೇಲೆ ಕುಸಿದು ಕೂತಿದ್ದಳು. ಸೆರಗು ಬಾಯಿಗೆ ಹೋಗಿತ್ತು.

"ಮನ್ಯಾಗ ನನ್ನ ಹಂಗ ಕರೀತಿದ್ರು" ಎಂದಳು. "ಹಂಪೀ ಅಂತ. ಮಂದಿ ಮುಂದ ಒಂದ ಸಲನೂ ಕರದಿಲ್ಲ. ಯಾರಿಗೂ ಗೊತ್ತಿಲ್ಲ."

ಎಮ್ಮೆಗಳು ಮೂಗಿನಿಂದ ನೀರು ಚಿಮ್ಮಿಸುತ್ತಿದ್ದವು. ಸರೋಜ ಹೋಗಿ ಅವಳ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು. ಹಂಪಮ್ಮ ಕಣ್ಣೊರೆಸಿಕೊಂಡು ತನಗೆ ತಾನೇ ಎಂಬಂತೆ ಹೇಳಿದಳು: "ಎದುರಿಗೆ ಕೇಳಿದ್ರ ಬ್ಯಾಡ ಅಂತಿದ್ದೆ. ಅದಕ್ಕ ಇಷ್ಟು ದೂರ ಬಂದು ಕೇಳ್ಯಾರ."

ಆಮೇಲೆ ಎದ್ದು, "ಅಣ್ಣಾರ, ಎಷ್ಟು ಆಳ ಐತ್ರಿ?" ಎಂದಳು. ಆಫೀಸಿನ ಅಭ್ಯಾಸ ನೋಡಿ, ನಾನು ನೀರನ್ನು ದಿಟ್ಟಿಸಿ ಗತ್ತಿನಿಂದ, "ಮುಕ್ಕಾಲು ಈರಣ್ಣ ಐತಿ ತಂಗೆಮ್ಮಾ" ಎಂದುಬಿಟ್ಟೆ. ಅವನು ಹೋದ ಮೇಲೆ ಮೊದಲ ಸಲ ಹಂಪಮ್ಮ ನಕ್ಕಳು. "ಹಂಗಂದ್ರ, ಅವರು ಇಲ್ದ ಈಗ ಅದು ಎಷ್ಟ್ರೀ?" ಎಂದು ಕೇಳಿದಳು. ಅಳತೆ ಮಾಡುವವನು ಉಳಿದಿದ್ದೆ, ಅಳತೆಗೋಲು ಹೋಗಿತ್ತು. ಸರೋಜ ನನ್ನ ಅಂಗಿಯ ಕಡೆ ನೋಡಿ, "ನೀವ ಇಳದು ತೋರಸ್ರಿ" ಎಂದಳು. ಅವಳ ದನಿಯಲ್ಲಿ ಆ ಯೂನಿಯನ್ ಮೀಟಿಂಗುಗಳ ಲೆಕ್ಕವೆಲ್ಲ ಇತ್ತು.

ಅಂಗಿ ಬಿಚ್ಚಿ, ಕಂಡ ದೇವರಿಗೆಲ್ಲ ಹರಕೆ ಹೊತ್ತು, ಬನಿಯನ್, ಪಂಚೆಯಲ್ಲೇ ಒಂದೊಂದು ಹೆಜ್ಜೆ ಇಳಿದೆ. ಮುಕ್ಕಾಲು ಈರಣ್ಣ ಎಂದರೆ ನನ್ನ ಗದ್ದ. ತುದಿಗಾಲಿನಲ್ಲಿ ನಿಂತರೆ ಕುತ್ತಿಗೆ. ನಾನು ಅಲ್ಲಾಡದೆ ಅಳತೆಗೋಲಾಗಿ ನಿಂತೆ. ಹಂಪಮ್ಮ ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು ಮೊಣಕಾಲುದ್ದದ ನೀರಿಗೆ ಬಂದು ನಿಂತಳು. ಜೊತೆಗೆ ತಂದಿದ್ದ ಈರಣ್ಣನ ಟವೆಲ್ಲನ್ನು ನೀರಿನಲ್ಲಿ ಅದ್ದಿದಳು. ಅವನು ಹಾರುತ್ತಿದ್ದ ಬಂಡೆಯನ್ನು ಒಮ್ಮೆ ನೋಡಿ, ಒಳಮನೆಯಲ್ಲಿ ಗಂಡನಿಗೆ ಹೇಳುವ ಮೆಲುದನಿಯಲ್ಲಿ, "ಹೂಂ, ಈಸ್ರಿ" ಎಂದಳು.

ಗದ್ದದ ತನಕ ನೀರಿನಲ್ಲಿ ನಿಂತವನಿಗೆ ಒಂದು ಅನುಕೂಲವಿದೆ. ಅತ್ತರೂ ಮುಖ ತೊಳೆದುಕೊಂಡ ಹಾಗೆ ಕಾಣುತ್ತದೆ. ನಾನು ಬಹಳ ಹೊತ್ತು ಮುಖ ತೊಳೆದುಕೊಂಡೆ.

ಹಂಪಮ್ಮನಿಗೆ ಈಗ ನಿದ್ದೆ ಬರುತ್ತದಂತೆ. ಸರೋಜ ಮಡುವಿನಲ್ಲಿ ಕೆಂಪಾದ ನನ್ನ ಬನಿಯನ್ನನ್ನು ಎರಡು ಸಲ ಒಗೆದು, ಮೂರನೆಯ ಸಲ ನನ್ನ ಕೈಗೇ ಕೊಟ್ಟಳು. ತೊಂದರೆ ಉಳಿದಿರುವುದು ನನಗೊಬ್ಬನಿಗೇ. ಅಷ್ಟು ವರ್ಷ ಬಂಡೆಯ ಮೇಲೆ ಕೂತು, ಕಣ್ಣು ಮುಚ್ಚಿ, ಈರಣ್ಣನನ್ನು ಮೇಲೆ ತಾ ಎಂದು ನಾನು ಭಕ್ತಿಯಿಂದ ಕೈ ಮುಗಿದದ್ದು ಎದುರು ಮನೆಯ ಹಂಪಮ್ಮನಿಗೆ! ಪ್ರತಿ ಸಲವೂ ಅವನು ಮೇಲೆ ಬಂದಿದ್ದ ಎಂಬುದನ್ನೂ ಇಲ್ಲಿ ಹೇಳಬೇಕು. ಈಗ ಬೆಳಿಗ್ಗೆ ಆಫೀಸಿಗೆ ಹೊರಟಾಗ ಅವಳು ಬಾಗಿಲಿಗೆ ನೀರು ಹಾಕುತ್ತಿದ್ದರೆ ನನ್ನ ಎರಡೂ ಕೈಗಳು ತಾವಾಗಿ ಎದೆಯ ತನಕ ಏಳುತ್ತವೆ. ಓಣಿಯವರು ನೋಡುತ್ತಾರಲ್ಲ ಎಂದು ಅವಸರದಿಂದ ಅಂಗಿಯ ಗುಂಡಿ ಹಾಕಿಕೊಂಡಂತೆ ಮಾಡಿ ಸ್ಕೂಟರ್ ಹತ್ತುತ್ತೇನೆ.