ಚಾಂದ್ ಬೀಯ ಫ್ರಿಜ್ಜಿನಲ್ಲಿ ಕಪ್ಪೆ ಮೊಟ್ಟೆ

ಅಮೀನನ ಆ ದಿನದ ಫಜೀತಿಗೆಲ್ಲ ಮೂಲ, ಅವನ ಮನೆಯಲ್ಲಿ ಫ್ರಿಜ್ಜು ಇಲ್ಲದ್ದು. ಕರೆಂಟಿನ ಏರಿಳಿತಕ್ಕೆ ತುಮಕೂರಿನ ಆ ಗಲ್ಲಿಯ ಫ್ರಿಜ್ಜುಗಳೆಲ್ಲ ಸುಟ್ಟುಹೋಗಿ, ಪಕ್ಕದ ಮನೆಯ ಚಾಂದ್ ಬೀಯದೊಂದೇ ಉಳಿದಿತ್ತು. ಒಬ್ಬರ ದೋಸೆಹಿಟ್ಟು, ಇನ್ನೊಬ್ಬರ ಇನ್ಸುಲಿನ್ನು, ಮಂಜುಳಮ್ಮನ ಮಲ್ಲಿಗೆ ಮೊಗ್ಗು, ಎಲ್ಲಕ್ಕೂ ಅಲ್ಲೇ ಜಾಗ. ಚಾಂದ್ ಬೀ ಬಾಡಿಗೆ ಕೇಳುತ್ತಿರಲಿಲ್ಲ, ಆದರೆ ಇಟ್ಟದ್ದನ್ನು ಇಟ್ಟ ಹಾಗೆ ಬಿಡುತ್ತಲೂ ಇರಲಿಲ್ಲ. ಹಿಟ್ಟಿಗೆ ಉಪ್ಪು ಕಡಿಮೆ ಅನ್ನಿಸಿದರೆ ಹಾಕುವಳು, ಬಿಡಿ ಮೊಗ್ಗು ಕಂಡರೆ ಕಟ್ಟಿಡುವಳು.

ಅಮೀನ್ ಗುಬ್ಬಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಹಂಗಾಮಿ ಮೇಷ್ಟ್ರು. ಕೆಲಸ ಕಾಯಂ ಆಗಬೇಕಾದರೆ ಪರಿಶೀಲನೆಗೆ ಬರುವ ಪ್ರೊಫೆಸರ್ ಮೂಡಲಗಿರಿಯಪ್ಪನವರು ಮೆಚ್ಚಬೇಕು ಎಂದು ಪ್ರಿನ್ಸಿಪಾಲ್ ಚನ್ನವೀರಯ್ಯ ಹೇಳಿಬಿಟ್ಟಿದ್ದರು. ಆ ಪ್ರೊಫೆಸರಿಗೋ ಕಪ್ಪೆ ಭ್ರೂಣವೆಂದರೆ ಪ್ರಾಣ. ಭ್ರೂಣದ ಬೆನ್ನಿನಿಂದ ಒಂದಿಷ್ಟು ಜೀವಕೋಶಗಳು ಎದ್ದು ಹೊರಡುತ್ತವೆ. ಕೆಲವು ಹೋಗಿ ಮುಖದ ಮೂಳೆಯಾಗುತ್ತವೆ, ಕೆಲವು ನರವಾಗುತ್ತವೆ, ಕೆಲವು ಚರ್ಮದ ಬಣ್ಣವಾಗುತ್ತವೆ. ದಾರಿ ತೋರಿಸುವುದು ಜೀನುಗಳು. ಒಂದು ‘ಇತ್ತ ಬಾ’ ಎಂದು ಸಿಗ್ನಲ್ ಕೊಟ್ಟರೆ ಇನ್ನೊಂದು ‘ಅತ್ತ ಕಾಲಿಟ್ಟೀಯೆ, ಜೋಕೆ’ ಎಂದು ಗದರುತ್ತದೆ. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ಹುಡುಕುವವನಿಗೆ ಊರವರೆಲ್ಲ ದಾರಿ ಹೇಳಿದ ಹಾಗೆ.

ಅಮೀನ್ ಊರ್ಡಿಗೆರೆಯ ಹೊಂಡದಿಂದ ಆಗಷ್ಟೇ ಇಟ್ಟ ಮೊಟ್ಟೆ ತಂದ. ಹಾಗೇ ಬಿಟ್ಟರೆ ಪ್ರೊಫೆಸರು ಬರುವಷ್ಟರಲ್ಲಿ ಕೋಶಗಳ ಪ್ರಯಾಣವೇ ಮುಗಿದುಹೋಗುತ್ತದೆ, ತಣ್ಣಗಿಟ್ಟರೆ ನಿಧಾನವಾಗುತ್ತದೆ. ಉಪ್ಪಿನಕಾಯಿ ಬಾಟಲಿಗೆ ತುಂಬಿ ಚಾಂದ್ ಬೀಯ ಬಾಗಿಲಿಗೆ ಹೋದ. ರಂಜಾನ್ ತಿಂಗಳು, ಗಲ್ಲಿಯವರೆಲ್ಲ ಉಪವಾಸ ಬಿಡುವ ತಿಂಡಿ ಇರುವ ಫ್ರಿಜ್ಜು. ಅದರಲ್ಲಿ ಕಪ್ಪೆ ಮೊಟ್ಟೆ ಇಡುತ್ತೇನೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ನಾಳೆ ಕಾಲೇಜಿಗೆ ದೊಡ್ಡವರು ಬರುತ್ತಾರೆ, ಇದು ಅವರಿಗೆ ಎಂದಷ್ಟೇ ಹೇಳಿ ಜಾರಿಕೊಂಡ.

ಬೆಳಿಗ್ಗೆ ಬಾಟಲಿಗೆ ಒದ್ದೆ ಟವೆಲ್ ಸುತ್ತಿ, ಎಳೆಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದ. ದಾರಿಯಲ್ಲಿ ಟೈರು ಪಂಕ್ಚರಾಯಿತು. ಅವನು ಓಡೋಡಿ ಲ್ಯಾಬಿಗೆ ಬರುವಷ್ಟರಲ್ಲಿ ಪ್ರೊಫೆಸರು ಕನ್ನಡಕ ತೆಗೆದಿಟ್ಟು ಮೈಕ್ರೋಸ್ಕೋಪಿನ ಮುಂದೆ ಕೂತೇ ಬಿಟ್ಟಿದ್ದರು. ಅಮೀನ್ ಬಾಟಲಿಯಿಂದ ಒಂದು ಹನಿ ಗಾಜಿನ ಮೇಲೆ ಹಾಕಿ ಅದರ ಕೆಳಗಿಟ್ಟ.

"ಆಹಾ, ಏನ್ ಕ್ಲಿಯರ್ರಾಗಿದೆ. ಬೆನ್ನಿಂದ ಹೊರಟವ್ರೆ ನೋಡಿ, ಸಾಲಾಗಿ ಹೋಗ್ತಾವ್ರೆ," ಎಂದರು ಪ್ರೊಫೆಸರು. ನಲವತ್ತು ವರ್ಷದಲ್ಲಿ ಇಂಥ ಭ್ರೂಣ ನೋಡಿರಲಿಲ್ಲವಂತೆ. ವಿದ್ಯಾರ್ಥಿಗಳೆಲ್ಲ ಸರದಿಯಲ್ಲಿ ಬಗ್ಗಿ ನೋಡಿ, ಹೌದು ಸಾರ್, ಹೋಗ್ತಾ ಇವೆ ಎಂದರು. ಇತಿಹಾಸದ ಎಂಎ ಆಗಿದ್ದ ಚನ್ನವೀರಯ್ಯನವರಿಗಂತೂ ಸಿಗ್ನಲ್ಲೂ ಕಾಣಿಸಿತು.

ಕೊನೆಗೆ ಅಮೀನ್ ಬಗ್ಗಿದ. ಒಳಗಿದ್ದದ್ದು ನೆನೆದು ಉಬ್ಬಿದ ಕಾಮಕಸ್ತೂರಿ ಬೀಜ. ಮೈ ಕಪ್ಪು, ಸುತ್ತ ಲೋಳೆ. ದೂರದಿಂದ ಕಪ್ಪೆ ಮೊಟ್ಟೆಯ ಅಣ್ಣತಮ್ಮ. ಚಾಂದ್ ಬೀ ದಿನಾ ಶರಬತ್ತಿಗೆ ನೆನೆಸುವ ಸಬ್ಜಾ ಅದು.

ಅಮೀನ್ ಲೆಕ್ಕ ಹಾಕಿದ. ಬಾಟಲಿ ಅದಲುಬದಲಾಗಿದೆ. ಸಬ್ಜಾ ಇಲ್ಲಿದೆ ಅಂದರೆ ಕಪ್ಪೆ ಮೊಟ್ಟೆ ಅಲ್ಲಿದೆ, ಸಂಜೆ ಇಡೀ ಗಲ್ಲಿಯ ಲೋಟಕ್ಕೆ ಬೀಳಲಿದೆ. ಹೆಂಡತಿ ಸೈಮಾಗೆ ಫೋನು ಮಾಡಿದರೆ ಸ್ವಿಚಾಫ್. ಓಡಿಹೋಗೋಣವೆಂದರೆ ಪ್ರೊಫೆಸರು ಭಾಷಣ ಶುರುಮಾಡಿದ್ದಾರೆ. ಬಾಗಿಲು ‘ಇತ್ತ ಬಾ’ ಎನ್ನುತ್ತದೆ, ಚನ್ನವೀರಯ್ಯನವರ ಕಣ್ಣು ‘ಕಾಲಿಟ್ಟೀಯೆ’ ಎನ್ನುತ್ತದೆ. ನಡುವೆ ಅಮೀನ್ ನಿಂತೇ ಇದ್ದ. ಭಾಷಣ ಮುಗಿದಾಗ ಹೊತ್ತು ಇಳಿದಿತ್ತು. ಅವನು ಯಾರಿಗೂ ನಮಸ್ಕಾರವನ್ನೂ ಹೇಳದೆ ಓಡಿದ.

ಗಲ್ಲಿಗೆ ಬಂದಾಗ ಚಾಂದ್ ಬೀಯ ಅಂಗಳದಲ್ಲಿ ಚಾಪೆ ಹಾಸಿ ಎಲ್ಲರೂ ಕೂತಿದ್ದರು. ನಡುವೆ ದೊಡ್ಡ ಬೋಸಿಯಲ್ಲಿ ಗುಲಾಬಿ ಶರಬತ್ತು, ಅದರಲ್ಲಿ ತೇಲುವ ಕಪ್ಪು ಚುಕ್ಕೆ. ಮಸೀದಿಯ ಮೈಕು ಗರಗರ ಎಂದಿತು. ಅಮೀನ್ ಒಂದೇ ನೆಗೆತಕ್ಕೆ ಹೋಗಿ ಬೋಸಿಯನ್ನು ಮೋರಿಗೆ ಬೋರಲು ಹಾಕಿದ. ದಿನವಿಡೀ ನೀರು ಮುಟ್ಟದ ಗಲ್ಲಿ ಅವನನ್ನು ನೋಡಿದ ನೋಟ ಅವನ ವೈರಿಗೂ ಬೇಡ. ಸೈಮಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಅದು ಸಬ್ಜಾ ಅಲ್ಲ ಚಾಚಿ, ಕಪ್ಪೆ ಮೊಟ್ಟೆ," ಎಂದ ಅಮೀನ್ ಏದುತ್ತ. "ಬಾಟ್ಲಿ ಅದಲುಬದಲಾಗಿತ್ತು."

"ಅದಲುಬದಲು ಯಾಕಾಯ್ತದೆ? ಬೆಳಿಗ್ಗೆ ನೋಡ್ದೆ, ನಿನ್ ಸಬ್ಜಾ ಪಾಚಿ ನಾತ ಹೊಡೀತಿತ್ತು. ಅಷ್ಟು ದೊಡ್ಡೋರಿಗೆ ಕೆಟ್ಟೋಗಿದ್ ಕುಡ್ಸಿದ್ರೆ ನಮ್ ಗಲ್ಲಿ ಮರ್ವಾದೆ ಏನಾಗ್ಬೇಕು? ಅದ್ನ ಮೋರಿಗೆ ಚೆಲ್ಲಿ, ಬಾಟ್ಲಿ ತೊಳ್ದು, ನಮ್ ಮನೇದು ತುಂಬ್ಸಿಟ್ಟೆ," ಎಂದಳು ಚಾಂದ್ ಬೀ.

ಅಂದರೆ ಅವನು ಚೆಲ್ಲಿದ್ದು ಅಪ್ಪಟ ಶರಬತ್ತು. ಅಮೀನನಿಗೆ ಅಳು ಬಂತು. ಖರ್ಜೂರ ಕೊಡಲು ಕೂಡ ಯಾರೂ ಅವನ ಕಡೆ ಕೈ ಚಾಚಲಿಲ್ಲ. ಆದರೂ ಕೆಲಸವಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಾಗ ಚನ್ನವೀರಯ್ಯನವರ ಫೋನು ಬಂತು.

ಪ್ರೊಫೆಸರು ಕುಣಿದಾಡುತ್ತಿದ್ದಾರಂತೆ. ಇಂಥ ಭ್ರೂಣ ಕಳೆದುಹೋಗಬಾರದೆಂದು ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗದ ಕೈ ಜೇಬಿಗೆ ಹಾಕಿಕೊಂಡು ಹೋಗಿದ್ದಾರಂತೆ. "ಮುಂದಿನ್ ವಾರ ಯೂನಿವರ್ಸಿಟಿಯೋರ್ನೆಲ್ಲ ಕರ್ಕೊಂಡ್ ಬರ್ತಾರಂತೆ ಕಣಯ್ಯ. ಅವರ್ ಮುಂದೆ ಅದೇ ಬಾಟ್ಲೀಲಿ ಗೊದಮೊಟ್ಟೆ ಈಜಾಡ್ಬೇಕು. ಈಜಾಡಿದ್ರೆ ಅಲ್ಲೇ ನಿನ್ ಕಾಯಂ ಆರ್ಡರ್ ಕೊಡ್ತಾರೆ."

ಅಮೀನ್ ಫೋನು ಹಿಡಿದುಕೊಂಡೇ ಚಾಪೆಯ ಅಂಚಿನಲ್ಲಿ ಕೂತು ಕಣ್ಣೊರೆಸಿಕೊಂಡ. ಅವನ ಮುಖ ಕಂಡು ಚಾಂದ್ ಬೀಯ ಕೋಪವೆಲ್ಲ ಇಳಿಯಿತು. ಒಂದು ಖರ್ಜೂರ ತಂದು ಅವನ ಕೈಗಿಟ್ಟು, ದೊಡ್ಡೋರಿಗೆ ಹಿಡಿಸಲಿಲ್ಲವೇ ಎಂದು ಮೆಲ್ಲಗೆ ಕೇಳಿದಳು.

"ಹಿಡಿಸ್ತು ಚಾಚಿ. ಮುಂದಿನ್ ವಾರ ಇನ್ನೊಂದಿಷ್ಟು ಜನಾನ ಕರ್ಕೊಂಡ್ ಬರ್ತಾರಂತೆ."

"ಅಷ್ಟಕ್ಕೆ ಯಾಕೋ ಅಳ್ತೀಯ," ಎಂದಳು ಚಾಂದ್ ಬೀ. "ಒಂದ್ ಬಕೆಟ್ ನೆನೆಸಿಟ್ಟಿರ್ತೀನಿ ಬಿಡು."